‘ಡಿಎನ್‌ಸಿ’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ಅಂಕೆ’ಯ ಬಗ್ಗೆ ಒಂದು ಅನುಮಾನ

ಗೆಳೆಯರೇ,

ಮಿಷಿನ್ ಕೆಲಸ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎನ್‌ಸಿ (ನ್ಯೂಮರಿಕಲ್ ಕಂಟ್ರೋಲ್, ಅಂದರೆ ಅಂಕಿಗಳಲ್ಲಿ ಬರೆದ ಆಜ್ಞೆಯಿಂದ ಮಿಷಿನ್ ಓಡಿಸುವುದು), ಸಿಎನ್‌ಸಿ (ಅದನ್ನೇ ಮಿಷಿನ್ನಿನ ಕಂಪ್ಯೂಟರಿನಿಂದ ಮಾಡುವುದು) ತನಕ ಹೇಗೋ ಬಂದೆ. ಡಿಎನ್‌ಸಿ ಹತ್ತಿರ ಗಾಡಿ ನಿಂತಿದೆ.

ಈ ಕಡೆ ತಲೆ ಹಾಕದವರಿಗೆ ಎರಡು ಮಾತು. ಶೆಡ್ಡಿನಲ್ಲಿ ಹತ್ತು ಮಿಷಿನ್ ಇವೆ ಅನ್ನಿ, ಮೂಲೆಯಲ್ಲಿ ಒಂದು ಕಂಪ್ಯೂಟರ್. ಕೊರೆಯುವ ಪ್ರೋಗ್ರಾಮುಗಳೆಲ್ಲ ಅದರಲ್ಲೇ ಇರುತ್ತವೆ, ಅಲ್ಲಿಂದ ಕೇಬಲ್ಲಿನಲ್ಲಿ ಹತ್ತೂ ಮಿಷಿನ್ನುಗಳಿಗೆ ಹೋಗುತ್ತವೆ. ಇದೇ ಡಿಎನ್‌ಸಿ.

‘ನೇರ ಸಂಖ್ಯಾತ್ಮಕ ನಿಯಂತ್ರಣ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಈ ‘ಡಿ’ ಒಂದು ಕಡೆ ನಿಲ್ಲುವ ಆಸಾಮಿ ಅಲ್ಲ. 1952ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಲೋಹ ಕೊರೆಯುವ ಮೊದಲ ಎನ್‌ಸಿ ಮಿಲ್ಲಿಂಗ್ ಮಿಷಿನ್ ಓಡಿಸಿ ತೋರಿಸಿದಾಗ ಆಜ್ಞೆಗಳೆಲ್ಲ ತೂತು ಹೊಡೆದ ಟೇಪಿನಲ್ಲಿದ್ದವು. ಎಣ್ಣೆ, ಧೂಳಿನ ನಡುವೆ ಕಾಗದದ ಟೇಪು ಎಷ್ಟು ದಿನ ಬಾಳುತ್ತದೆ? 1960ರ ದಶಕದ ಕೊನೆಗೆ ಟೇಪನ್ನು ಬಿಟ್ಟು ಕಂಪ್ಯೂಟರಿನಿಂದಲೇ ಹಲವು ಮಿಷಿನ್ನುಗಳಿಗೆ ಆಜ್ಞೆ ಕಳಿಸತೊಡಗಿದರು. ಆಗ ಡಿ ಅಂದರೆ ಡೈರೆಕ್ಟ್. ಕಂಪ್ಯೂಟರ್ ಮಲಗಿದರೆ ಇಡೀ ಶೆಡ್ಡೇ ಮಲಗುತ್ತಿತ್ತು. 1970ರ ದಶಕದಲ್ಲಿ ಮಿಷಿನ್ನಿಗೊಂದು ಪುಟ್ಟ ಕಂಪ್ಯೂಟರ್ ಬಂದ ಮೇಲೆ ಮೂಲೆಯ ಕಂಪ್ಯೂಟರಿಗೆ ಅಂಚೆಯವನ ಕೆಲಸವಷ್ಟೇ ಉಳಿಯಿತು. ಅಕ್ಷರ ಅದೇ ಇಟ್ಟುಕೊಂಡು ಡಿ ಅಂದರೆ ಡಿಸ್ಟ್ರಿಬ್ಯೂಟೆಡ್ (ಹಂಚಿದ್ದು) ಅಂದರು! ಈಗ ಅದು ನೇರವೂ ಅಲ್ಲ, ನಿಜ ಹೇಳಬೇಕಂದರೆ ನಿಯಂತ್ರಣವೂ ಅಲ್ಲ. ‘ಪ್ರೋಗ್ರಾಮ್ ಹಂಚಿಕೆ’ ಅಂದರೆ ಸಾಕು ಅನ್ನಿಸುತ್ತದೆ.

ಸಾಕಾಗುತ್ತಿತ್ತೇನೋ. ಆದರೆ ಬೆಂಗಳೂರಿನ ಪೀಣ್ಯದ ಕಡೆ ‘ಡಿಎನ್ಸಿನಲ್ಲಿ ಓಡ್ತಿದೆ’ ಅಂದರೆ ಅರ್ಥ ಬೇರೆ. ಅಚ್ಚಿನ (ಡೈ, ಮೋಲ್ಡ್) ಕೆಲಸದ ಪ್ರೋಗ್ರಾಮುಗಳು ತುಂಬಾ ಉದ್ದ, ಹಳೆಯ ಮಿಷಿನ್ನಿನ ನೆನಪಿನಲ್ಲಿ (ಮೆಮೊರಿ) ಹಿಡಿಸುವುದಿಲ್ಲ. (ಆ ನೆನಪನ್ನು 40 ಮೀಟರ್, 80 ಮೀಟರ್ ಅಂತ ಅಳೆಯುತ್ತಿದ್ದರು. ಟೇಪು ಹೋದರೂ ಟೇಪಿನ ಉದ್ದ ಉಳಿದುಕೊಂಡಿತ್ತು ನೋಡಿ.) ಅದಕ್ಕೇ ಕಂಪ್ಯೂಟರ್ ಸ್ವಲ್ಪ ಸ್ವಲ್ಪವೇ ಕಳಿಸುತ್ತದೆ, ಮಿಷಿನ್ ಬಂದಷ್ಟನ್ನು ಕೊರೆದು ಅಲ್ಲೇ ಮರೆತುಬಿಡುತ್ತದೆ. ಇದಕ್ಕೆ ಡ್ರಿಪ್ ಫೀಡ್ ಅನ್ನುತ್ತಾರೆ. ಹೆಚ್ಚುಕಡಿಮೆ ಹಳೆಯ ಡೈರೆಕ್ಟೇ ಹಿಂಬಾಗಿಲಿಂದ ಬಂದ ಹಾಗೆ, ಅಲ್ವಾ?

ಡ್ರಿಪ್ಪಿಗೆ ನಮ್ಮಲ್ಲಿ ಪದ ರೆಡಿ ಇದೆ. ಹನಿ ನೀರಾವರಿ ಗೊತ್ತಿಲ್ಲದ ರೈತನ ಮಗ ಯಾರಿದ್ದಾರೆ? ಕಷ್ಟ ಇರುವುದು ಫೀಡ್‌ನಲ್ಲಿ. ಉಳಿ ಎಷ್ಟು ವೇಗದಲ್ಲಿ ಮುಂದೆ ಸರಿಯುತ್ತದೆ ಅನ್ನುವುದೂ ಫೀಡೇ, ಆಜ್ಞೆ ಉಣಿಸುವುದೂ ಫೀಡೇ. ಮೊದಲನೆಯದಕ್ಕೆ ‘ಸರಿತ’, ಎರಡನೆಯದಕ್ಕೆ ‘ಹನಿಯೂಟ’ ಅಂತ ಇಟ್ಟುಕೊಂಡಿದ್ದೇನೆ. ಊಟ ಅನ್ನುವುದು ಸುಮ್ನೆ ಚಂದಕ್ಕಲ್ಲ. ಹನಿ ತಡವಾದರೆ ಉಳಿ ಲೋಹದ ಮೇಲೆ ನಿಂತಲ್ಲೇ ಸುತ್ತುತ್ತದೆ, ಅಚ್ಚಿನ ಮೇಲೆ ಗೆರೆ ಬೀಳುತ್ತದೆ. ಒಮ್ಮೆ ನಾನೇ ಕೇಬಲ್ ಸರಿಯಾಗಿ ಬಿಗಿಯದೆ ಒಂದು ಒಳ್ಳೆಯ ಜಾಬು ಹಾಳು ಮಾಡಿದ್ದೆ. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ಬೈಯಲಿಲ್ಲ, ‘ಹಸಿದುಕೊಂಡು ನಿಂತಿದೆ ಕಣೋ, ಊಟ ಹಾಕು’ ಅಂದರು ಅಷ್ಟೇ.

ಇನ್ನು ನನ್ನ ಮುಖ್ಯ ಪ್ರಶ್ನೆ. ‘ಸಂಖ್ಯಾತ್ಮಕ ನಿಯಂತ್ರಣ’ ಅಂದರೆ ಹುಡುಗರು ಕಣ್ಣು ಬಿಡುತ್ತಾರೆ. ಸರಳ ಪದ ಹುಡುಕುತ್ತಾ ‘ಅಂಕೆ’ ಹತ್ತಿರ ಬಂದೆ, ಬಂದವನು ಅಲ್ಲೇ ನಿಂತೆ. ಒಂದು, ಎರಡು, ಮೂರು ಅನ್ನುವುದೂ ಅಂಕೆ. ‘ಮಗ ಅಂಕೆಯಲ್ಲಿಲ್ಲ’, ‘ಅಂಕೆ ಮೀರಿದ’ ಅನ್ನುವಾಗ ಬರುವ ಹತೋಟಿಯೂ ಅಂಕೆ. ಅಂದರೆ ಇಂಗ್ಲಿಷ್ ಎರಡು ಪದದಲ್ಲಿ ಹೇಳಿದ್ದನ್ನು ಕನ್ನಡ ಒಂದೇ ಪದದಲ್ಲಿ ಇಟ್ಟುಕೊಂಡು ಕೂತಿದೆ. ‘ಅಂಕೆಯ ಲೇತು’, ‘ಅಂಕೆಯ ಮಿಲ್ಲಿಂಗ್’ ಅಂದರೆ ಅಂಕೆಗಳಿಂದ ಓಡುವುದು, ಅಂಕೆಯಲ್ಲಿ ಇರುವುದು, ಎರಡೂ ಬಂದಂತಾಯಿತು. ನನಗಂತೂ ಭಾರಿ ಖುಷಿಯಾಗಿದೆ, ಅದಕ್ಕೇ ಅನುಮಾನವೂ ಜಾಸ್ತಿ. ಈ ಎರಡು ಅಂಕೆಗಳ ಬೇರು ಒಂದೇನಾ, ಇಲ್ಲಾ ಉಚ್ಚಾರ ಮಾತ್ರ ಒಂದಾಯಿತಾ? ಬಲ್ಲವರು ಹೇಳಿ.

ಮತ್ತೊಂದು. ‘ಮಿಷಿನ್ ಟೂಲ್’ಗೆ ಯಂತ್ರೋಪಕರಣ ಅನ್ನುವ ಪದವನ್ನು ಕೈಬಿಟ್ಟಿದ್ದೇನೆ. ಶೆಡ್ಡಿನಲ್ಲಿ ಟೂಲ್ ಅಂದರೆ ಕೊರೆಯುವ ಉಳಿ, ಉಪಕರಣ ಅಂದರೆ ಸ್ಪ್ಯಾನರ್. ಬರೀ ಮಿಷಿನ್ ಅಂತಲೇ ಬರೆಯುತ್ತೇನೆ, ಯಾರಿಗೂ ಗೊಂದಲವಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಕೆಲಸ ಮಾಡಿದವರು ಇಲ್ಲಿ ಇದ್ದರೆ ಒಂದು ಮಾತು ತಿಳಿಸಿ. ನಿಮ್ಮಲ್ಲಿ ‘ಅಂಕೆ’ ಅಂದರೆ ಮೊದಲು ಯಾವುದು ಹೊಳೆಯುತ್ತದೆ, ಎಣಿಕೆಯಾ ಹತೋಟಿಯಾ? ಪ್ರೋಗ್ರಾಮನ್ನು ಮಿಷಿನ್ನಿಗೆ ‘ಕಳಿಸ್ತೀರಾ’, ‘ಹಾಕ್ತೀರಾ’, ‘ಬಿಡ್ತೀರಾ’?