ಜೋಡೆತ್ತಿನ ಗಾಡಿ ಓಟದಲ್ಲಿ ಚಾಟಿಯ ದುರ್ಬಳಕೆ: ಗಾಡಿ ಹೊಡೆದವರಿಗೆ ಯಾವ ಶಿಕ್ಷೆ ಸರಿ?

ಪ್ರಶ್ನೆ: ಕಡೂರು ಬಯಲು

ಮಾನ್ಯರೇ, ಕಡೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಜೋಡೆತ್ತಿನ ಗಾಡಿ ಓಟ ನಡೆಯುತ್ತದೆ. ಈ ಸಲ ನಿಯಮಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ವರ್ಷ ಅಂತಿಮ ಸುತ್ತಿನಲ್ಲಿ ಗೆದ್ದ ಜೋಡಿಯ ಎಡಗೋಲಿನ ಎತ್ತಿನ ಬೆನ್ನ ಮೇಲೆ ಬೆರಳು ದಪ್ಪದ ಬಾಸುಂಡೆಗಳು ಎದ್ದಿದ್ದವು. ಗಾಡಿ ಹೊಡೆದವರಿಗೆ ಸಮಿತಿಯವರು 500 ರೂಪಾಯಿ ದಂಡ ಹಾಕಿದರು. ಅವರು ನಗುತ್ತಲೇ ಅದನ್ನು ಎಣಿಸಿಕೊಟ್ಟರು, ಬಹುಮಾನದ ಬೈಕು ಅದೇ ಸಂಜೆ ಎತ್ತಿನ ಮಾಲೀಕರ ಮನೆ ಸೇರಿತು.

ಒಂದು ಓಟಕ್ಕೆ ಐದೇ ಏಟು ಎಂದು ಮಿತಿ ಹಾಕೋಣವೆಂದು ಕೆಲವರು ಸೂಚಿಸಿದ್ದಾರೆ. ಆದರೆ ಎರಡು ಜೋಡಿ ಒಟ್ಟಿಗೆ ಬಿಟ್ಟಾಗ ಏಳುವ ಧೂಳಿನಲ್ಲಿ ಏಟು ಎಣಿಸುವವರು ಯಾರು? ಹೊರದೇಶಗಳಲ್ಲಿ ಕುದುರೆಗೆ ಗಾಡಿ ಕಟ್ಟಿ ಓಡಿಸುವ ಪಂದ್ಯಗಳಿವೆಯೆಂದು ಬಲ್ಲೆ. ಅಲ್ಲಿ ಚಾಟಿಯ ತಪ್ಪನ್ನು ಹೇಗೆ ಹಿಡಿಯುತ್ತಾರೆ, ಹೇಗೆ ದಂಡಿಸುತ್ತಾರೆ ಎಂಬುದನ್ನು ತಿಳಿದವರು ದಯಮಾಡಿ ವಿವರಿಸಬೇಕು.

ಉತ್ತರ 1: ಹಾಸನದ ಹುಡುಗ, ಈಗ ಒಂಟಾರಿಯೊ

ಅಣ್ಣಾ, ನಾನು ಹುಟ್ಟಿ ಬೆಳೆದದ್ದು ಹಾಸನದಲ್ಲಿ, ಈಗ ಕೆನಡಾದಲ್ಲಿದ್ದೇನೆ. ಇಲ್ಲಿ ಮೊಹಾಕ್ ಎಂಬ ಮೈದಾನದಲ್ಲಿ ನೀವು ಹೇಳಿದ ಪಂದ್ಯವನ್ನು ಹಲವು ಸಲ ನೋಡಿದ್ದೇನೆ. ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಕುದುರೆಗೆ ಸಲ್ಕಿ ಎಂಬ ಎರಡು ಚಕ್ರದ ಹಗುರವಾದ ಗಾಡಿಯನ್ನು ಕಟ್ಟುತ್ತಾರೆ. ಓಟ ಸಾಮಾನ್ಯವಾಗಿ ಒಂದು ಮೈಲಿ, ಅಂದರೆ ಸುಮಾರು 1,600 ಮೀಟರ್. ಕುದುರೆ ನಾಗಾಲೋಟಕ್ಕೆ ಬೀಳದೆ ತನ್ನ ನಿಗದಿತ ನಡೆಯಲ್ಲೇ ಓಡಬೇಕು.

ನಿಮ್ಮ ಪ್ರಶ್ನೆಗೆ ಇಲ್ಲಿಯ ಒಂದು ನಿಯಮ ನೇರವಾಗಿ ಒದಗುತ್ತದೆ. ಒಂಟಾರಿಯೊ ಪ್ರಾಂತ್ಯದಲ್ಲಿ ಗಾಡಿ ಓಡಿಸುವವರು ಎರಡೂ ಕೈಯಲ್ಲಿ ಒಂದೊಂದು ಲಗಾಮನ್ನು ಹಿಡಿದೇ ಇರಬೇಕು. ಎರಡೂ ಲಗಾಮನ್ನು ಒಂದೇ ಕೈಗೆ ಬದಲಾಯಿಸಿ, ಬಿಡುವಾದ ಕೈಯನ್ನು ತಲೆಯ ಮೇಲಕ್ಕೆತ್ತಿ ಬೀಸಿದರೆ ಅದೇ ತಪ್ಪು; ಏಟು ಕುದುರೆಗೆ ತಗುಲಿತೇ ಇಲ್ಲವೇ ಎಂಬ ವಾದಕ್ಕೆ ಅಲ್ಲಿ ಎಡೆಯೇ ಇಲ್ಲ. ಲಗಾಮು ಹಿಡಿದ ಕೈಯಲ್ಲಿ ಚಾಟಿಯಿದ್ದರೆ ಮಣಿಕಟ್ಟನ್ನು ಅಲ್ಲಾಡಿಸಬಹುದೇ ಹೊರತು ಭುಜದ ಬಲ ಹಾಕಲಾಗದು. ಆಸ್ಟ್ರೇಲಿಯಾದಲ್ಲಿಯೂ ಕೈಗೊಂದು ಲಗಾಮು, ಮಣಿಕಟ್ಟಿನ ಚಲನೆ ಮಾತ್ರ ಎಂಬ ನಿಯಮವನ್ನು ತಂದಿದ್ದರು. ಚಾಟಿಯಿಂದ ತಿವಿಯುವುದು, ಗಾಡಿಯ ಮೂಕಿಗಳ ಕೆಳಗೆ ಹೊಡೆಯುವುದು, ಕಾಲಿನಿಂದ ಒದೆಯುವುದು ಇವೆಲ್ಲವೂ ನಿಷಿದ್ಧ. ತೀರ್ಪುಗಾರರು ವಿಡಿಯೊ ನೋಡಿ ದಂಡ ಹಾಕುತ್ತಾರೆ, ಅಥವಾ ಇಷ್ಟು ದಿನ ಗಾಡಿ ಹತ್ತಬಾರದೆಂದು ಅಮಾನತು ಮಾಡುತ್ತಾರೆ. ದಿನಕ್ಕೆ ಹಲವು ಓಟಗಳಲ್ಲಿ ಗಾಡಿ ಓಡಿಸಿ ಬದುಕುವವರಿಗೆ ದಂಡಕ್ಕಿಂತ ಈ ಅಮಾನತೇ ಹೆಚ್ಚು ನೋಯುತ್ತದೆ.

ನಿಮ್ಮ ಓಟ ವರ್ಷಕ್ಕೊಮ್ಮೆ ನಡೆಯುವುದು. ಹತ್ತು ದಿನದ ಅಮಾನತಿಗೆ ಅಲ್ಲಿ ಅರ್ಥವಿಲ್ಲ. ಅದಕ್ಕೆ ಬ್ರಿಟನ್ನಿನ ಜಾಕಿಗಳ ನಿಯಮವನ್ನು ಗಮನಿಸಿ, ಅದು ಸವಾರಿಯ ಪಂದ್ಯಗಳಿಗೆ ಸಂಬಂಧಿಸಿದ್ದಾದರೂ ಪರವಾಗಿಲ್ಲ. ಸಮತಟ್ಟಿನ ಓಟಕ್ಕೆ, ಅಂದರೆ ಬೇಲಿ ಹಾರಿಸದ ಓಟಕ್ಕೆ, ಆರು ಏಟಿನ ಮಿತಿ. 2023ರಿಂದ ಆ ಮಿತಿಯನ್ನು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಏಟುಗಳಷ್ಟು ಮೀರಿದರೆ ಕುದುರೆಯೇ ಅನರ್ಹವಾಗುತ್ತದೆ, ಅಂದರೆ ಮಾಲೀಕರ ಬಹುಮಾನವೂ ಹೋಗುತ್ತದೆ.

ಉತ್ತರ 2: ನಿವೃತ್ತ ಪಶುವೈದ್ಯ, ಚಿಕ್ಕಮಗಳೂರು

ಕಾನೂನಿನ ಒಂದು ಅಂಶವನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ಸುಪ್ರೀಂ ಕೋರ್ಟು 2014ರಲ್ಲಿ ಇಂಥ ಓಟಗಳನ್ನು ನಿಷೇಧಿಸಿತ್ತು. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡಲೆಂದು ಕರ್ನಾಟಕವು 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯಿದೆಗೆ ತಂದ ತಿದ್ದುಪಡಿಯನ್ನು ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಹಾಗೆಂದು ಹಿಂಸೆಗೆ ಪರವಾನಗಿ ಸಿಕ್ಕಿಲ್ಲ. 1965ರ ಭಾರ ಎಳೆಯುವ ಪ್ರಾಣಿಗಳ ನಿಯಮಗಳ ಪ್ರಕಾರ ಮೊಳೆ ಅಥವಾ ಮುಳ್ಳು ಹಾಕಿದ ಕೋಲನ್ನು ಬಳಸುವಂತೆಯೇ ಇಲ್ಲ. ಆದ್ದರಿಂದ ಕೋಲಿನ ತುದಿಗೆ ಮೊಳೆ ಇದ್ದರೆ ಎಚ್ಚರಿಕೆ ಕೊಟ್ಟು ಬಿಡುವ ಅಧಿಕಾರ ನಿಮ್ಮ ಸಮಿತಿಗಿಲ್ಲ. ಆ ಜೋಡಿಯನ್ನು ಓಡಿಸಲೇಬಾರದು. ಇನ್ನು 1960ರ ಮೂಲ ಕಾಯಿದೆ ಮೊದಲ ತಪ್ಪಿಗೆ ಹಾಕುವ ದಂಡ 10ರಿಂದ 50 ರೂಪಾಯಿ. ನಿಮ್ಮ 500 ರೂಪಾಯಿ ಅದರ ಹತ್ತು ಪಟ್ಟು, ಆದರೂ ಆ ಮನುಷ್ಯ ನಕ್ಕರಲ್ಲ!

ಇನ್ನೊಂದು ಮಾತು. ಓಟ ಮುಗಿದ ತಕ್ಷಣ ಎತ್ತಿನ ಮೈ ನೋಡಿ "ಏನೂ ಆಗಿಲ್ಲ" ಎಂದು ಬರೆದುಕೊಡಬೇಡಿ. ಬೆವರು, ಧೂಳು ಕೂಡಿದ ಮೈಯಲ್ಲಿ ಬಾಸುಂಡೆ ಕಣ್ಣಿಗೆ ಬೀಳುವುದಿಲ್ಲ. ಅರ್ಧ ಗಂಟೆ ನೆರಳಿನಲ್ಲಿ ಕಟ್ಟಿ, ಮೈ ಒರೆಸಿ, ಕೂದಲಿಗೆ ಎದುರಾಗಿ ಅಂಗೈ ಆಡಿಸಿದರೆ ಊತ ಕೈಗೆ ಸಿಗುತ್ತದೆ. ಬಾಲದ ಗೆಣ್ಣುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಚಾಟಿಯನ್ನು ಕಿತ್ತುಕೊಂಡರೆ ಬಾಲ ತಿರುಚುವವರು ಹೆಚ್ಚುತ್ತಾರೆ. ಅದಕ್ಕೂ ಇಷ್ಟೇ ಶಿಕ್ಷೆ ಎಂದು ನಿಯಮದಲ್ಲೇ ಬರೆಯಿರಿ.

ಉತ್ತರ 3: ಅರಸೀಕೆರೆ ಹಳ್ಳಿಕಾರ್

ಡಾಕ್ಟರ್ ಸಾಹೇಬರ ಮಾತನ್ನು ಒಪ್ಪುತ್ತೇನೆ. ಆದರೆ ಇಪ್ಪತ್ತು ವರ್ಷ ಗಾಡಿ ಹೊಡೆದವನಾಗಿ ಒಂದು ತಕರಾರಿದೆ. ಹಳ್ಳಿಕಾರ್ ಎತ್ತು ಚಾಟಿಯ ಸದ್ದಿಗೇ ಕಿವಿ ನಿಮಿರಿಸಿ ಓಡುತ್ತದೆ. ನಮ್ಮ ತಂದೆಯವರು ಚಾಟಿಯನ್ನು ಗಾಳಿಯಲ್ಲಿ ಚಟೀರೆನ್ನಿಸುತ್ತಿದ್ದರೇ ಹೊರತು ಎತ್ತಿನ ಮೈಗೆ ತಾಗಿಸುತ್ತಿರಲಿಲ್ಲ. ಕೈ ಎತ್ತಿದ್ದೇ ತಪ್ಪೆಂದರೆ ಅಂಥವರಿಗೂ ಹೊಡೆದವರಿಗೂ ಒಂದೇ ಶಿಕ್ಷೆಯಾಗುತ್ತದೆ. ಅದೂ ಅಲ್ಲದೆ ನಮ್ಮಲ್ಲಿ ಹಗ್ಗಗಳನ್ನು ಎಡಗೈಗೆ ಸುತ್ತಿಕೊಂಡು ಬಲಗೈಯನ್ನು ಬಿಡುವಾಗಿ ಇಟ್ಟುಕೊಳ್ಳುವ ರೂಢಿ. ಅದನ್ನು ಒಂದೇ ದಿನದಲ್ಲಿ ಬಿಡಿಸಿದರೆ ಗಾಡಿಗಳು ಅಡ್ಡ ಹಾಯ್ದು ಜನರ ಮೇಲೆ ನುಗ್ಗಬಹುದು.

ಪ್ರಶ್ನೆ ಕೇಳಿದವರು: ಕಡೂರು ಬಯಲು

ಎಲ್ಲರಿಗೂ ನಮಸ್ಕಾರ. ಅರಸೀಕೆರೆಯವರ ತಕರಾರು ನ್ಯಾಯವಾದದ್ದೇ, ಆದರೂ ಧೂಳಿನಲ್ಲಿ ನಿಂತ ತೀರ್ಪುಗಾರರಿಗೆ ಕಾಣುವುದು ಮೇಲೆದ್ದ ಕೈ ಮಾತ್ರ. ಹೀಗಾಗಿ ಕರಡನ್ನು ಹೀಗೆ ಬರೆದಿದ್ದೇನೆ: ಹಗ್ಗಗಳು ಎರಡೂ ಕೈಯಲ್ಲಿರಬೇಕು, ಕೈ ಭುಜಕ್ಕಿಂತ ಮೇಲೆ ಹೋದರೆ ಆ ಓಟದ ಸಮಯ ಲೆಕ್ಕಕ್ಕಿಲ್ಲ, ಅರ್ಧ ಗಂಟೆಯ ನಂತರದ ತಪಾಸಣೆಯಲ್ಲಿ ಬಾಸುಂಡೆ ಅಥವಾ ಬಾಲದ ಊತ ಕಂಡರೆ ಬಹುಮಾನ ಮುಂದಿನ ಜೋಡಿಗೆ, ಗಾಡಿ ಹೊಡೆದವರಿಗೆ ಮುಂದಿನ ವರ್ಷ ಪ್ರವೇಶವಿಲ್ಲ. ರೂಢಿಯಾಗಲೆಂದು ಓಟಕ್ಕೆ ಒಂದು ತಿಂಗಳು ಮೊದಲೇ ಈ ನಿಯಮಗಳನ್ನು ಹಂಚುತ್ತೇವೆ. ತಪಾಸಣೆ ಮುಗಿಯುವವರೆಗೆ ಬೈಕಿನ ಕೀಲಿ ಸಮಿತಿಯ ಬಳಿಯೇ ಇರಲಿದೆ. ಇದಕ್ಕೆ ಎತ್ತಿನ ಮಾಲೀಕರು ಈಗಲೇ ಗೊಣಗುತ್ತಿದ್ದಾರೆ. ನಾಡಿದ್ದು ಭಾನುವಾರ ಅವರ ಸಭೆ ಕರೆದಿದ್ದೇನೆ.