‘ಸ್ವಯಂಜೋಡಣೆ’ ಎಂದರೆ ಜೋಡಿಸುವವರು ಯಾರು?

ಮಾನ್ಯರೇ,

ಬಿಡಿ ಘನಗಳು ಒಂದಕ್ಕೊಂದು ಅಂಟಿಕೊಂಡು ಬೇಕಾದ ಆಕಾರ ತಾಳುವ ರೋಬಾಟುಗಳನ್ನು ಕುರಿತು, ಹಾಸನದ ಪ್ರೌಢಶಾಲಾ ಮಕ್ಕಳಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಕರಡಿನಲ್ಲಿ ಈ ಗುಣಕ್ಕೆ ‘ಸ್ವಯಂಜೋಡಣೆ’ ಎಂದು ಬರೆದಿದ್ದೆ. ಅದನ್ನು ಓದಿದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಇದನ್ನು ತಂದು ನಾವೇ ಜೋಡಿಸ್ಬೇಕಾ, ಸಾರ್?” ಎಂದು ಕೇಳಿದಳು. ತಪ್ಪು ಅವಳದಲ್ಲ. ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ‘ಸ್ವಯಂಸೇವೆ’ ಎಂಬ ಫಲಕದ ಕೆಳಗೆ ನಿಂತು ಇಡ್ಲಿಯ ತಟ್ಟೆಯನ್ನು ನಾವೇ ಎತ್ತಿಕೊಂಡು ಬರುತ್ತೇವೆಯೇ ಹೊರತು ತಟ್ಟೆ ತಾನಾಗಿ ಮೇಜಿಗೆ ನಡೆದು ಬರುವುದಿಲ್ಲ. ‘ಸ್ವಯಂಚಾಲಿತ’ ಎನ್ನುವಾಗ ಅದೇ ‘ಸ್ವಯಂ’ ಯಂತ್ರದ ಪಾಲಾಗುತ್ತದೆ. ಹೀಗೆ ಎರಡು ಕಡೆಗೂ ವಾಲುವ ಪದವನ್ನು ಶೀರ್ಷಿಕೆಯಲ್ಲಿಡಲು ಮನಸ್ಸು ಒಪ್ಪುತ್ತಿಲ್ಲ.

ಕನ್ನಡದ ಕ್ರಿಯಾಪದಗಳನ್ನು ಹಿಡಿದು ನೋಡಿದರೆ ದಾರಿ ಕಾಣುತ್ತದೆ. ‘ಜೋಡಿಸು’ ಎಂಬುದಕ್ಕೆ ಜೋಡಿಸುವವರೊಬ್ಬರು, ಜೋಡಿಸಲ್ಪಡುವುದೊಂದು, ಇವೆರಡೂ ಬೇಕು. ‘ಕೂಡಿಕೊಳ್ಳು’ ಎಂಬುದಕ್ಕೆ ಕೂಡುವವರಷ್ಟೇ ಸಾಕು. ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ, ಯಂತ್ರಗಳಲ್ಲಿಯೂ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2005ರಲ್ಲಿ ತೋರಿಸಿದ ಘನಗಳು ಒಂದೊಂದೂ ಸುಮಾರು 10 ಸೆಂಟಿಮೀಟರಿನವು. ಪ್ರತಿಯೊಂದು ಘನವೂ ಓರೆಯಾಗಿ ಎರಡು ಹೋಳಾಗಿದ್ದು, ಒಂದು ಹೋಳು ಇನ್ನೊಂದರ ಮೇಲೆ ತಿರುಗುತ್ತದೆ. ಅಂಥ ನಾಲ್ಕು ಘನಗಳ ಕಂಬವೊಂದು ಬಾಗಿ, ನಿಗದಿತ ಜಾಗದಲ್ಲಿ ಇಟ್ಟ ಹೊಸ ಘನಗಳನ್ನು ವಿದ್ಯುತ್ಕಾಂತದಿಂದ ಹಿಡಿದೆತ್ತಿ, ತನ್ನಂಥದ್ದೇ ಇನ್ನೊಂದು ಕಂಬವನ್ನು ಸುಮಾರು ಎರಡೂವರೆ ನಿಮಿಷದಲ್ಲಿ ನಿಲ್ಲಿಸುತ್ತದೆ. ಇಲ್ಲಿ ಜೋಡಿಸುವವನು ಇದ್ದಾನೆ, ಅವನೂ ರೋಬಾಟೇ. ಆದ್ದರಿಂದ ‘ತನ್ನಂಥದ್ದನ್ನು ತಾನೇ ಜೋಡಿಸುವ’ ಎಂದರೆ ಸರಿಹೋಗುತ್ತದೆ. ಅಮೆರಿಕದ ಎಂ.ಐ.ಟಿ. ತಂತ್ರಜ್ಞಾನ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಎಂ-ಬ್ಲಾಕ್‌ಗಳ ರೀತಿ ಬೇರೆ. ಒಳಗೆ ವೇಗವಾಗಿ ಸುತ್ತುವ ಚಕ್ರಕ್ಕೆ ಥಟ್ಟನೆ ಬ್ರೇಕ್ ಬಿದ್ದಾಗ ಆ ರಭಸಕ್ಕೆ ಘನವೇ ಪಲ್ಟಿ ಹೊಡೆದು, ಅಂಚಿನ ಆಯಸ್ಕಾಂತಗಳಿಂದ ನೆರೆಯ ಘನಕ್ಕೆ ಕಚ್ಚಿಕೊಳ್ಳುತ್ತದೆ. ಇದು ನಿಜವಾದ ‘ಕೂಡಿಕೊಳ್ಳುವಿಕೆ’. ಹಾರ್ವರ್ಡ್ ವಿಶ್ವವಿದ್ಯಾಲಯದ ಪುಟ್ಟ ರೋಬಾಟುಗಳಾದ 1024 ಕಿಲೋಬಾಟ್‌ಗಳು (2014) ಇನ್ನೂ ಒಂದು ಬಗೆಯವು. ಮೂರು ಕಡ್ಡಿಕಾಲುಗಳ ಮೇಲೆ ಅದುರುತ್ತ ಸರಿದು ನಕ್ಷತ್ರದಂಥ ಆಕಾರಕ್ಕೆ ಬಂದು ನಿಲ್ಲುತ್ತವೆ, ಆದರೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅವಕ್ಕೆ ‘ನೆರೆಯುವ’ ಎಂಬುದೇ ಒಪ್ಪುತ್ತದೆ. ಮೂರನ್ನೂ ‘ಸ್ವಯಂಜೋಡಣೆ’ಯ ಒಂದೇ ಚೀಲಕ್ಕೆ ತುಂಬಿದರೆ ಓದುವ ಮಗುವಿಗೆ ಯಂತ್ರ ಕಣ್ಣಿಗೆ ಕಟ್ಟುವುದಿಲ್ಲ.

ಇಂಥ ರೋಬಾಟಿನ ಒಂದೊಂದು ತುಂಡಿಗೆ ಇಂಗ್ಲಿಷಿನಲ್ಲಿ ಹೇಳುವ ‘ಮಾಡ್ಯೂಲ್’ ಎಂಬುದಕ್ಕೆ ಪಠ್ಯಪುಸ್ತಕದ ‘ಘಟಕ’ ಇದೆ. ಆದರೆ ನಮ್ಮೂರಿನಲ್ಲಿ ಘಟಕವೆಂದರೆ ಸಾರಿಗೆ ಬಸ್ಸುಗಳು ರಾತ್ರಿ ನಿಲ್ಲುವ ಡಿಪೋ. ಸಕಲೇಶಪುರದ ಕಡೆ ಹಳೆಯ ಮನೆಗಳನ್ನು ಇಷ್ಟು ಅಂಕಣದ ಮನೆ ಎಂದು ಲೆಕ್ಕ ಹಾಕುವುದು ನೆನಪಾಗಿ ‘ಅಂಕಣ’ವನ್ನು ಕೆಲವು ದಿನ ಮುದ್ದು ಮಾಡಿದೆ, ಆದರೆ ಅದು ಕಂಬಗಳ ನಡುವಿನ ತೆರಪೇ ಹೊರತು ಕೈಯಲ್ಲಿ ಹಿಡಿಯುವ ವಸ್ತುವಲ್ಲ, ಮೇಲಾಗಿ ಪತ್ರಿಕೆಯವರು ಅದನ್ನು ಎಂದೋ ತಮ್ಮದಾಗಿಸಿಕೊಂಡಿದ್ದಾರೆ. ಈಗ ‘ಬಿಡಿ’ ಎಂದೇ ಬರೆಯುತ್ತಿದ್ದೇನೆ: ಬಿಡಿಗಳು ಕೂಡಿಕೊಂಡು ಇಡಿಯಾಗುವ ರೋಬಾಟು.

ಎರಡನೆಯ ತೊಡಕು ‘ಕೃತಕ ವಿಕಾಸ’ ಎಂಬ ಪದದ್ದು, ಅಂದರೆ ರೋಬಾಟಿನ ರೂಪವನ್ನು ಮನುಷ್ಯ ತಾನೇ ರಚಿಸದೆ, ಜೀವವಿಕಾಸದಂತೆ ಪೀಳಿಗೆಗಳ ಆಯ್ಕೆಯಿಂದ ಗಣಕದಲ್ಲಿ ಬೆಳೆಸುವ ವಿಧಾನದ್ದು. ಗಣಕಚಿತ್ರ ತಜ್ಞ ಕಾರ್ಲ್ ಸಿಮ್ಸ್ 1994ರಲ್ಲಿ ಗಣಕದೊಳಗೆ ಚೌಕ ತುಂಡುಗಳಿಂದಾದ ಜೀವಿಗಳನ್ನು ಹುಟ್ಟಿಸಿ, ಚೆನ್ನಾಗಿ ಈಜಿದವನ್ನು, ನಡೆದವನ್ನು ಉಳಿಸಿಕೊಂಡು, ಅವುಗಳ ಗುಣಗಳನ್ನು ಬೆರೆಸಿ, ಅಲ್ಲಲ್ಲಿ ಒಂದಿಷ್ಟು ಬದಲಿಸಿ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಿದರು. 2000ದಲ್ಲಿ ಸಂಶೋಧಕರಾದ ಲಿಪ್ಸನ್ ಮತ್ತು ಪೊಲ್ಲಾಕ್ ಹೀಗೆ ವಿಕಾಸಗೊಂಡ ರೂಪಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ, ಮೋಟಾರು ಕೂರಿಸಿ, ನೆಲದ ಮೇಲೆ ತೆವಳಿಸಿದರು. ಇದನ್ನು ಚಿಕ್ಕಮಗಳೂರಿನ ತೋಟಗಾರ ಸ್ನೇಹಿತರೊಬ್ಬರಿಗೆ ವಿವರಿಸಿದಾಗ, “ನಮ್ಮ ಬಾಳೆಹೊನ್ನೂರಿನ ಸೆಲೆಕ್ಷನ್ ಕಾಫಿ ಗಿಡಗಳ ಹಾಗೇ ಅಲ್ವಾ?” ಎಂದರು. ಹೋಲಿಕೆ ಬಹುಪಾಲು ಸರಿ, ಆದರೆ ಪೂರ್ತಿ ಅಲ್ಲ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಗಿಡವನ್ನು ಆರಿಸುವುದು ಮನುಷ್ಯನ ಕಣ್ಣು, ಹೊಸ ಗಿಡ ಕೊಡುವುದು ನಿಸರ್ಗ. ಆದ್ದರಿಂದ ಅದು ಕೃತಕ ಆಯ್ಕೆ. ಕೃತಕ ವಿಕಾಸದಲ್ಲಿ ಮನುಷ್ಯ ಅಳತೆಗೋಲನ್ನು ಮಾತ್ರ ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ, ಆಯ್ಕೆ, ಬೆರಕೆ, ಮಾರ್ಪಾಡು ಎಲ್ಲವೂ ಗಣಕದ ಲೆಕ್ಕದೊಳಗೇ ನಡೆಯುತ್ತವೆ. ‘ಕೃತಕ’ಕ್ಕೆ ಹುಸಿ ಎಂಬ ನೆರಳಿದ್ದರೂ ಕೃತಕ ಉಪಗ್ರಹವನ್ನು ಯಾರೂ ಸುಳ್ಳು ಉಪಗ್ರಹವೆಂದು ತಿಳಿಯದಿರುವುದರಿಂದ ಆ ಪದವನ್ನು ಉಳಿಸಿಕೊಳ್ಳಬಹುದೆಂದು ನನ್ನ ಅಭಿಪ್ರಾಯ. ‘ಯಂತ್ರವಿಕಾಸ’ ಎಂಬ ಸಲಹೆ ಬಂದಿತ್ತು. ಅದು ರಾಟೆಯಿಂದ ಗಿರಣಿಯವರೆಗಿನ ಚರಿತ್ರೆಯಂತೆ ಕೇಳಿಸುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ‘ಕೂಡಿಕೊಳ್ಳು’ ಎಂಬುದರಿಂದ ಶೀರ್ಷಿಕೆಗೆ ಒಪ್ಪುವ ಚಿಕ್ಕ ನಾಮಪದ ಬೇಕಾಗಿದೆ. ‘ಕೂಡಿಕೆ’ಗೆ ಮರುಮದುವೆಯ ಅರ್ಥವೂ ಇರುವುದರಿಂದ ಹಿಂಜರಿಯುತ್ತಿದ್ದೇನೆ. ‘ತಾಗೂಡಿಕೆ’, ‘ತಾನ್‌ಕೂಟ’ ಎಂದು ಹೊಸೆಯಲು ಹೋಗಿ ನನಗೇ ನಗು ಬಂತು. ಬಡಗಿಗಳ ಅಥವಾ ನೇಕಾರರ ಮಾತಿನಲ್ಲಿ, ಹೊರಗಿನ ಕೈ ಇಲ್ಲದೆ ತಾವೇ ಹೊಂದಿ ಕೂರುವ ತುಂಡುಗಳಿಗೆ ಯಾವುದಾದರೂ ಹೆಸರಿದ್ದರೆ, ಅದನ್ನು ಬಳಸುವ ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.