ಕ್ವಾರ್ಟರ್ಸ್‌ನಲ್ಲಿ ನಾಯಿ ಇಡಬಾರದು ಅಂತ ರೂಲ್ಸ್ ಎಲ್ಲಿದೆ?

ಕರಿಯನ ಮನೆಯವಳು, ತುಮಕೂರು

ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಎರಡನೇ ಮಹಡಿಯಲ್ಲಿದ್ದೇವೆ. ಅತ್ತೆ ತೀರಿಕೊಂಡ ಮೇಲೆ ಗುಬ್ಬಿಯ ತೋಟದ ಮನೆಗೆ ಬೀಗ ಹಾಕಿ, ಅವರ ನಾಯಿ ಕರಿಯನನ್ನು ಕರೆತಂದೆವು. ನಾಟಿ ನಾಯಿ, ಒಂಬತ್ತು ವರ್ಷ. ಅವನು ಬೊಗಳುವುದು ಗ್ಯಾಸ್ ಸಿಲಿಂಡರ್ ತರುವವರಿಗೆ ಮಾತ್ರ. ಅದೇನು ದ್ವೇಷವೋ!

ಹೋದ ವಾರ ಕೆಳಗಿನ ಮನೆಯವರ ರಂಗೋಲಿ ತುಳಿದುಬಿಟ್ಟ. ತಪ್ಪು ನಮ್ಮದೇ, ಚೈನ್ ಹಾಕಿರಲಿಲ್ಲ. ನಾನೇ ಹೋಗಿ ಹೊಸದಾಗಿ ರಂಗೋಲಿ ಹಾಕಿಕೊಟ್ಟು ಬಂದೆ. ಆದರೂ ಮೂರನೇ ದಿನ ಉಸ್ತುವಾರಿಯವರು ಬಂದು, "ನಾಯಿ ಇಡಂಗಿಲ್ಲ, ಇಲ್ಲಾಂದ್ರೆ ಮನೆ ಖಾಲಿ ಮಾಡಿ" ಎಂದರು. ಕಾಗದ ತೋರಿಸಿ ಎಂದೆ. "ಎಲ್ಲಾ ಕಡೆ ಇರೋ ರೂಲ್ಸೇ ಅಲ್ವಾ ಮೇಡಂ" ಅಂತ ಹೊರಟರು. ಪಕ್ಕದವರೊಬ್ಬರು ದೇವರಾಯನದುರ್ಗದ ಹತ್ತಿರ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ. ನಮ್ಮ ಯಜಮಾನರಿಗೆ ನೌಕರಿಗೆ ತೊಂದರೆಯಾದೀತು ಅನ್ನುವ ಭಯ. ಏನು ಮಾಡಲಿ?

ಬಟವಾಡಿ ಹುಡುಗ

ಅಕ್ಕ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಅಪಾರ್ಟ್‌ಮೆಂಟ್ ಸಂಘದವರು ಬಹುಮತ ತಂದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಅನ್ನುತ್ತದೆ. ಪ್ರಿಂಟ್ ತೆಗೆದು ಕೊಡಿ, ಸುಮ್ಮನಾಗುತ್ತಾರೆ.

ನಿವೃತ್ತ ಗುಮಾಸ್ತ

ಅಷ್ಟು ಸುಲಭ ಇಲ್ಲಪ್ಪ. ಅದು ನಿವಾಸಿಗಳ ಸಂಘಗಳಿಗೆ ಹೇಳಿದ ಮಾತು. ಸರ್ಕಾರಿ ಮನೆಗೆ ಇಲಾಖೆಯೇ ಮಾಲೀಕ. ತಾಯಿ, ಮೊದಲು ನಿಮ್ಮ ಮನೆ ಹಂಚಿಕೆ ಆದೇಶದ ಷರತ್ತು ಓದಿ. ಅಲ್ಲಿ ಇಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಸಾಕುನಾಯಿ ನಿಷೇಧಿಸಿದ ಆದೇಶದ ನಕಲು ಕೊಡಿ" ಅಂತಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ನೌಕರರ ಹೆಸರಲ್ಲಿ ಬೇಡ, ನಿಮ್ಮ ಹೆಸರಲ್ಲೇ ಹಾಕಿ. ಬಾಯಿಮಾತಿಗೆ ಮನೆ ಖಾಲಿ ಮಾಡಿದವರನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ.

ಸಿರಾ ಗೇಟ್

ದುರ್ಗದಲ್ಲಿ ಬಿಡುವ ಮಾತು ಬೇಡ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬೀಳುವ ಹಾಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ ಮಾತ್ರ 10ರಿಂದ 50 ರೂಪಾಯಿ, ಒಂದು ಮಸಾಲೆ ದೋಸೆ ದುಡ್ಡು! ಇನ್ನೊಂದು, ರೇಬಿಸ್ ಲಸಿಕೆ ಪ್ರತಿ ವರ್ಷ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ಜಗಳ ಬಂದಾಗ ಮೊದಲು ಕೇಳುವುದು ಅದನ್ನೇ.

ಕರಿಯನ ಮನೆಯವಳು

ಎಲ್ಲರಿಗೂ ಥ್ಯಾಂಕ್ಸ್. ಆದೇಶ ಎಲ್‌ಐಸಿ ಕವರಿನೊಳಗೆ ಸಿಕ್ಕಿತು. ಒಳಬಾಡಿಗೆಗೆ ಕೊಡಬಾರದು, ಗೋಡೆ ಒಡೆಯಬಾರದು, ದನ ಎಮ್ಮೆ ಕಟ್ಟಬಾರದು ಅಂತಿದೆ. ನಾಯಿ ಸುದ್ದಿಯೇ ಇಲ್ಲ. ಅರ್ಜಿ ಬರೆದಿದ್ದೇನೆ ಸರ್, ನಾಳೆ ಕೊಡುತ್ತೇನೆ. ಮೊದಲು ಎರಡು ಪುಟ ಆಗಿತ್ತು. ಅತ್ತೆ, ತೋಟ, ರಂಗೋಲಿ ಎಲ್ಲ ತೆಗೆದ ಮೇಲೆ ನಾಲ್ಕು ಸಾಲು ಉಳಿಯಿತು.